ರೇಸ್ ಇಡುವ ಮೊದಲು ಪಕ್ಕದ ಮನೆ ಅಂಗಳದಲ್ಲಿ ನಿಂತು ಕೇಳಿ

ಡರ್ಟ್ ಬೈಕ್ ರೇಸ್ ಇಡಬೇಕು ಅಂತ ಹೊರಟವರು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು ಒಂದೇ ಮಾತು: "ಎಷ್ಟು ಡೆಸಿಬಲ್ ತನಕ ಬಿಡ್ತಾರೆ?" ನಾನು ತಿರುಗಿ ಕೇಳುತ್ತೇನೆ: "ಟ್ರ್ಯಾಕಿಗೆ ಹತ್ತಿರದ ಮನೆ ಯಾವುದು? ಆ ಮನೆ ಅಂಗಳದಲ್ಲಿ ಒಂದು ಸಲ ನಿಂತು ನೋಡಿದ್ದೀರಾ?" ಹೆಚ್ಚಿನವರು ನಿಂತಿರುವುದಿಲ್ಲ.

ನಾನು ಹನ್ನೊಂದು ವರ್ಷ ಮೋಟೋಕ್ರಾಸ್, ಅಂದರೆ ಉಬ್ಬುತಗ್ಗಿನ ಮಣ್ಣಿನ ಟ್ರ್ಯಾಕಿನ ಬೈಕ್ ರೇಸ್, ಓಡಿಸಿದವನು. ಕಾಲು ಕೈಕೊಟ್ಟ ಮೇಲೆ ಸೌಂಡ್ ಮೀಟರ್ ಹಿಡಿದೆ. ಈಗ ರೇಸುಗಳಲ್ಲಿ ಪರಿಸರದ ಕೆಲಸ ನೋಡಿಕೊಳ್ಳುತ್ತೇನೆ. ನಿಯಮ ಪುಸ್ತಕದಲ್ಲಿ ಇದಕ್ಕೆ ಎನ್ವಿರಾನ್‌ಮೆಂಟಲ್ ಸ್ಟೀವರ್ಡ್ ಅನ್ನೋ ದೊಡ್ಡ ಹೆಸರಿದೆ. ಹುಡುಗರು ಕರೆಯೋದು "ಡೆಸಿಬಲ್ ಅಂಕಲ್" ಅಂತ. ನಾನು ಓಡಿಸುತ್ತಿದ್ದ ಕಾಲದಲ್ಲಿ ಇಂಥ ಅಂಕಲ್‌ಗಳನ್ನು ಕಂಡರೆ ನನಗೂ ಆಗುತ್ತಿರಲಿಲ್ಲ. ಆದರೆ ನಾನು ಬೈಕ್ ಕಲಿತ ಟ್ರ್ಯಾಕು ಮುಚ್ಚಿದ್ದು ದೂರುಗಳಿಂದ. ದೂರು ಬಂದಾಗ ಕ್ಲಬ್ಬಿನವರ ಕೈಯಲ್ಲಿ ಒಂದು ಅಳತೆಯೂ ಇರಲಿಲ್ಲ, ಒಂದು ಫೋಟೋ ಕೂಡ ಇರಲಿಲ್ಲ. "ಅಷ್ಟೇನೂ ಶಬ್ದ ಇಲ್ಲ ಸಾರ್" ಅಂದರೆ ಯಾರು ನಂಬುತ್ತಾರೆ? ಹಾಗಾಗಿ ಕೆಳಗೆ ಹೇಳುವುದರಲ್ಲಿ ಅರ್ಧ ಕೆಲಸ ಅಳೆಯೋದು, ಇನ್ನರ್ಧ ಬರೆದಿಡೋದು.

ಯಾರ ನಿಯಮ ಪಾಲಿಸಬೇಕು?

ಮೂರು ಕಡೆಯಿಂದ ನಿಯಮ ಬರುತ್ತೆ. ಒಂದು, ಆ ನೆಲದ ಕಾನೂನು: ಕಾಡು, ನೀರು, ವನ್ಯಜೀವಿ, ಶಬ್ದ. ಎರಡು, ಕ್ರೀಡಾ ಸಂಸ್ಥೆಯ ನಿಯಮ. 1904ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ, ಅಂದರೆ ಎಫ್‌ಐಎಂ, ತನ್ನದೇ ಎನ್ವಿರಾನ್‌ಮೆಂಟಲ್ ಕೋಡ್ ಇಟ್ಟುಕೊಂಡಿದೆ. ರಾಷ್ಟ್ರೀಯ ಸಂಸ್ಥೆಗಳು ಅದನ್ನೇ ಹಿಡಿದು ಸ್ವಲ್ಪ ಹೆಚ್ಚುಕಮ್ಮಿ ಮಾಡಿಕೊಳ್ಳುತ್ತವೆ. ಮೂರನೆಯದು ಜಮೀನಿನ ಮಾಲೀಕರ ಜೊತೆಗಿನ ಕರಾರು. ಮೂರರಲ್ಲಿ ಯಾವುದು ಬಿಗಿಯೋ ಅದನ್ನೇ ಹಿಡಿಯಿರಿ. ಕ್ರೀಡಾ ನಿಯಮ ಒಪ್ಪಿದೆ ಅಂದ ಮಾತ್ರಕ್ಕೆ ಕಾನೂನು ಒಪ್ಪಿದ ಹಾಗಲ್ಲ.

ಅನುಮತಿ ಕೊಡುವ ಅಧಿಕಾರಿ ಏನು ನೋಡುತ್ತಾರೆ ಅಂತ ಗೊತ್ತಾಗಬೇಕಾದರೆ ಒಂದು ಹಳೇ ಕಾಗದ ಓದಿದರೆ ಸಾಕು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ 11644 ನಂಬರಿನ ಆದೇಶ ಹೊರಡಿಸಿದರು. ಸರ್ಕಾರಿ ಜಮೀನಿನಲ್ಲಿ ಆಫ್-ರೋಡ್ ಗಾಡಿಗಳ ದಾರಿ ಗುರುತಿಸುವಾಗ ಮಣ್ಣು, ನೀರಿನ ಹರಿವು, ಗಿಡಗಂಟಿಗೆ ಆಗುವ ಹಾನಿ ಆದಷ್ಟು ಕಮ್ಮಿ ಇರಬೇಕು, ಪ್ರಾಣಿಗಳಿಗೆ ಕಾಟ ಆಗಬಾರದು, ಆ ಜಾಗ ಬಳಸುವ ಬೇರೆಯವರ ಜೊತೆ ಜಗಳ ಆಗಬಾರದು ಅಂತ ಅದರಲ್ಲಿದೆ. 1977ರಲ್ಲಿ ಕಾರ್ಟರ್ ಇನ್ನೊಂದು ಆದೇಶ ಸೇರಿಸಿದರು: ದೊಡ್ಡ ಹಾನಿ ಆಗುತ್ತಿದೆ ಅಂತ ಕಂಡರೆ ಆ ದಾರಿ ಆಗಿಂದಾಗಲೇ ಮುಚ್ಚಬೇಕು. ನಾನು ಯಾವ ಜಾಗಕ್ಕೆ ಹೋದರೂ ಇದೇ ಐದು ವಿಷಯ ಇಟ್ಟುಕೊಂಡು ನೋಡುತ್ತೇನೆ. ಅರ್ಜಿಯ ನಮೂನೆ ಏನೇ ಇರಲಿ, ಅದರ ಹೊಟ್ಟೆಯಲ್ಲಿ ಇವೇ ಇರುತ್ತವೆ.

ಈ ಆದೇಶಗಳಿಗೆ ನಿಜವಾಗಿ ಬಲ ಇದೆಯಾ ಅಂತ ಅನುಮಾನ ಬಂದರೆ ಕ್ಯಾಲಿಫೋರ್ನಿಯಾದ ಬಾರ್‌ಸ್ಟೋದಿಂದ ಲಾಸ್ ವೇಗಸ್‌ಗೆ ನಡೆಯುತ್ತಿದ್ದ ಮರುಭೂಮಿ ರೇಸ್ ನೆನಪು ಮಾಡಿಕೊಳ್ಳಿ. ಸಾವಿರಾರು ಬೈಕುಗಳು ಒಟ್ಟಿಗೆ ಹೊರಡುತ್ತಿದ್ದ ಓಟ ಅದು. 1974ರದ್ದು ಆದಮೇಲೆ ಅನುಮತಿ ಸಿಗಲಿಲ್ಲ. 1983ರಲ್ಲಿ ಮತ್ತೆ ಶುರುವಾಯಿತು. 1989ರದ್ದೇ ಕೊನೆ. ಮಾರನೇ ವರ್ಷ ಅಲ್ಲಿನ ಮರುಭೂಮಿ ಆಮೆ ಅಳಿವಿನ ಭಯ ಇರುವ ಜೀವಿಗಳ ಪಟ್ಟಿಗೆ ಸೇರಿತು. ಫ್ರಾನ್ಸಿನ ಲ ತುಕೆ ಪಟ್ಟಣದ ಮರಳಿನ ರೇಸ್ ಮಾತ್ರ ಬದುಕಿಕೊಂಡಿತು. 1975ರಲ್ಲಿ ಶುರುವಾಗಿ ಮರಳು ದಿಬ್ಬಗಳ ಮೇಲೆ ಓಡುತ್ತಿದ್ದ ಓಟವನ್ನು ಆಮೇಲೆ ದಿಬ್ಬಗಳಿಂದ ಇಳಿಸಿ ಕಡಲ ದಂಡೆಗೆ ತಂದರು. ದಾರಿ ಬದಲಾಯಿಸಲು ಒಪ್ಪಿದವರ ರೇಸು ಉಳಿಯಿತು ನೋಡಿ.

ಮೊದಲ ನಡಿಗೆ ಮಳೆಯಲ್ಲಿ

ಬೈಕ್ ತಗೊಂಡು ಹೋಗಬೇಡಿ. ನಡೆದುಕೊಂಡು ಹೋಗಿ. ಆದರೆ ಮಳೆ ಬರುವಾಗಲೇ ಹೋಗಿ, ಇಲ್ಲವೇ ಮಳೆ ನಿಂತ ಒಂದು ಗಂಟೆಯೊಳಗೆ. ಒಣ ದಿನದಲ್ಲಿ ಎಲ್ಲಾ ಇಳಿಜಾರೂ ಚೆನ್ನಾಗಿಯೇ ಕಾಣುತ್ತೆ. ನೀರು ಎಲ್ಲಿಂದ ಇಳಿದು ಎಲ್ಲಿ ಸೇರುತ್ತೆ ಅನ್ನೋದು ಮಳೆಯಲ್ಲಿ ಮಾತ್ರ ಗೊತ್ತಾಗೋದು. ಕೈಯಲ್ಲಿ ಒಂದು ನಕ್ಷೆ ಇರಲಿ. ಮನೆ, ಬಾವಿ, ತೊರೆ, ಗೂಡು ಇರುವ ಮರ, ಕಡಿದಾದ ಇಳಿಜಾರು ಎಲ್ಲ ಗುರುತು ಹಾಕಿ. ಹಕ್ಕಿಗಳು ಮರಿ ಮಾಡುವ ತಿಂಗಳು ಯಾವುದು ಅಂತ ಅಲ್ಲೇ ಇರುವವರನ್ನು ಕೇಳಿ ಬರೆದುಕೊಳ್ಳಿ. ಆ ತಿಂಗಳು ರೇಸ್ ಬೇಡ. ಇದರಲ್ಲಿ ಚೌಕಾಸಿ ಇಲ್ಲ.

ಶಬ್ದ

ಹೆಚ್ಚು ದೂರು ಬರೋದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಎಫ್‌ಐಎಂ ಬಳಸುವ ಅಳತೆಗೆ "ಟೂ ಮೀಟರ್ ಮ್ಯಾಕ್ಸ್" ಅನ್ನುತ್ತಾರೆ. ಹಿಂದಿನ ಟೈರು ನೆಲ ಮುಟ್ಟುವ ಜಾಗದಿಂದ 2 ಮೀಟರ್ ಹಿಂದೆ, ಸೈಲೆನ್ಸರ್ ಇರುವ ಕಡೆಗೆ 45 ಡಿಗ್ರಿ ಓರೆಯಾಗಿ, ನೆಲದಿಂದ 1.35 ಮೀಟರ್ ಎತ್ತರದಲ್ಲಿ ಮೈಕ್ ಇಡಬೇಕು. ಮೀಟರನ್ನು ಎ ವೇಯ್ಟಿಂಗ್ (ಮನುಷ್ಯನ ಕಿವಿಗೆ ಕೇಳುವ ಹಾಗೆ ಅಳೆಯುವ ಸೆಟ್ಟಿಂಗ್), ಫಾಸ್ಟ್‌ಗೆ (ಶಬ್ದದ ಏರಿಳಿತವನ್ನು ಬೇಗ ಹಿಡಿಯುವ ಸೆಟ್ಟಿಂಗ್) ಹಾಕಿ. ಎಂಜಿನ್ ಬಿಸಿಯಾಗಿರಬೇಕು, ಗೇರು ನ್ಯೂಟ್ರಲ್. ಥ್ರಾಟಲನ್ನು ಒಂದೇ ಏಟಿಗೆ, ಅಂದರೆ 0.3 ಸೆಕೆಂಡಿನೊಳಗೆ ಪೂರ್ತಿ ತಿರುಗಿಸಿ ಸುಮಾರು ಒಂದು ಸೆಕೆಂಡ್ ಹಿಡಿದು ಬಿಡಬೇಕು. ಮೀಟರ್ ತೋರಿಸಿದ ಅತಿ ಹೆಚ್ಚಿನ ಸಂಖ್ಯೆಯೇ ಲೆಕ್ಕ. ಮಿತಿ ಎಷ್ಟು ಅನ್ನೋದನ್ನು ಮಾತ್ರ ಈ ವರ್ಷದ ನಿಯಮ ಪುಸ್ತಕದಿಂದಲೇ ತಗೊಳ್ಳಿ. ಅದು ವರ್ಷದಿಂದ ವರ್ಷಕ್ಕೆ ಬದಲಾಗುತ್ತೆ, ಒಂದೊಂದು ವಿಭಾಗಕ್ಕೆ ಒಂದೊಂದು ಇರುತ್ತೆ. ಯಾರೋ ಹೇಳಿದ ನಂಬರ್ ನಂಬಿಕೊಂಡು ಹೋದವರು ಗೇಟಿನಲ್ಲೇ ವಾಪಸ್ ಆಗಿದ್ದಾರೆ.

ಹತ್ತಿರದಲ್ಲಿ ಗೋಡೆ, ಟ್ರಕ್ಕು, ಟೆಂಟು ಇದ್ದರೆ ಶಬ್ದ ತಿರುಗಿ ಬಡಿದು ಸಂಖ್ಯೆ ಏರುತ್ತೆ. ಸುತ್ತಲೂ 10 ಮೀಟರ್ ಬಯಲು ಬಿಡಿ. ಗಾಳಿ ಜೋರಾಗಿದ್ದರೆ ಕಾಯಿರಿ, ಮೈಕಿಗೆ ಸ್ಪಂಜಿನ ಟೋಪಿ ಇರಲೇಬೇಕು. ಶುರು ಮಾಡುವ ಮೊದಲು ಒಂದು ಸಲ, ಮುಗಿದ ಮೇಲೆ ಇನ್ನೊಂದು ಸಲ ಕ್ಯಾಲಿಬ್ರೇಟರ್ ಹಾಕಿ ನೋಡಿ. ಅದು 94 ಅಥವಾ 114 ಡೆಸಿಬಲ್ ಶಬ್ದ ಮಾಡುವ ಸಣ್ಣ ಡಬ್ಬಿ. ಮೀಟರ್ ಅದೇ ಸಂಖ್ಯೆ ತೋರಿಸದಿದ್ದರೆ ಆ ದಿನದ ನಿಮ್ಮ ಮಾತಿಗೆ ಬೆಲೆ ಇಲ್ಲ. ಮೊಬೈಲ್ ಆ್ಯಪ್ ಹಿಡಿದು ಯಾರನ್ನೂ ರೇಸಿನಿಂದ ಹೊರಗೆ ಹಾಕಬೇಡಿ. ಏಟು ತಿನ್ನುತ್ತೀರಿ.

ಸವಾರರ ಕಳ್ಳಾಟ ನನಗೆ ಚೆನ್ನಾಗಿ ಗೊತ್ತು, ಮಾಡಿದವನು ತಾನೇ. ಅಳತೆಗೆ ಬರುವಾಗ ಸೈಲೆನ್ಸರ್ ತುದಿಗೆ ಶಬ್ದ ಕಮ್ಮಿ ಮಾಡುವ ಇನ್ಸರ್ಟ್ ಹಾಕಿಕೊಂಡು ಬರೋದು, ಪಾಸಾದ ಮೇಲೆ ಕಿತ್ತು ಜೇಬಿಗೆ ಇಳಿಸೋದು. ಒಬ್ಬ ಹುಡುಗ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿಕೊಂಡು ಬಂದಿದ್ದ. ಥ್ರಾಟಲ್ ತಿರುಗಿಸಿದ ಕೂಡಲೇ ಅದು ಕೆಂಪಗೆ ಕಾದು ಹಾರಿ ನನ್ನ ಮೈಕಿನ ಕಾಲಿಗೆ ಬಂದು ಬಡಿಯಿತು. ಸುತ್ತಲಿದ್ದವರೆಲ್ಲ ನಕ್ಕರು. ನಾನು ಕೆಳಗಿನ ಒಣ ಹುಲ್ಲು ನೋಡಿದೆ. ಅವತ್ತಿನಿಂದ ಅಳತೆಯ ಜಾಗದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಡುತ್ತೇನೆ. ಪಾಸಾದ ಸೈಲೆನ್ಸರಿಗೂ ಅದರ ಇನ್ಸರ್ಟಿಗೂ ಸೇರಿಸಿ ಒಂದು ಪೇಂಟಿನ ಗೆರೆ ಎಳೆಯುತ್ತೇನೆ. ರೇಸ್ ಮುಗಿದ ಮೇಲೆ ಕೆಲವರನ್ನು ಮತ್ತೆ ಕರೆದು ಅಳೆಯುತ್ತೇನೆ. ಗೆರೆ ಮುರಿದಿದ್ದರೆ ಮಾತೇ ಬೇಡ. ಇನ್ನು ಕೆಲವರು ನಿಜವಾಗಿಯೂ ತಪ್ಪು ಮಾಡಿರುವುದಿಲ್ಲ. ಸೈಲೆನ್ಸರ್ ಒಳಗಿನ ಗ್ಲಾಸ್ ವುಲ್ ಸುಟ್ಟು ಖಾಲಿಯಾಗಿರುತ್ತೆ, ಅಷ್ಟೇ. ನಾಲ್ಕು ರಿವೆಟ್ ತೆಗೆದು ಹೊಸ ಪ್ಯಾಕಿಂಗ್ ತುಂಬಿದರೆ ಬೈಕಿನ ಶಬ್ದ ಮೆತ್ತಗಾಗುತ್ತೆ. ಪ್ಯಾಡಕ್ಕಿನಲ್ಲಿ, ಅಂದರೆ ಸವಾರರು ಬೈಕು ನಿಲ್ಲಿಸಿ ರಿಪೇರಿ ಮಾಡಿಕೊಳ್ಳುವ ಜಾಗದಲ್ಲಿ, ಎರಡು ಮೂರು ಪ್ಯಾಕಿಂಗ್ ಇಟ್ಟುಕೊಂಡಿರಿ. ಜಗಳ ಮಾಡಲು ಬಂದ ಸವಾರ ಥ್ಯಾಂಕ್ಸ್ ಹೇಳಿ ಹೋಗುತ್ತಾನೆ.

ಈಗ ಪಕ್ಕದ ಮನೆ ಲೆಕ್ಕ. ಇದಕ್ಕೆ ಮೂರು ಸೂತ್ರ ಸಾಕು. ದೂರ ಎರಡರಷ್ಟಾದರೆ ಶಬ್ದ 6 ಡೆಸಿಬಲ್ ಇಳಿಯುತ್ತೆ. ಒಂದೇ ಥರದ ಬೈಕು ಎರಡಾದರೆ 3 ಡೆಸಿಬಲ್ ಏರುತ್ತೆ. ಹತ್ತಾದರೆ 10 ಏರುತ್ತೆ. 2 ಮೀಟರಿನಲ್ಲಿ 110 ಇದ್ದ ಬೈಕು 512 ಮೀಟರ್ ದೂರದಲ್ಲಿ 62ಕ್ಕೆ ಬರುತ್ತೆ, ಎಂಟು ಸಲ ಎರಡರಷ್ಟು ಅಂತ ಲೆಕ್ಕ ಹಾಕಿ ನೋಡಿ. ಸ್ಟಾರ್ಟಿನಲ್ಲಿ 40 ಬೈಕು ಒಟ್ಟಿಗೆ ಎದ್ದರೆ ಅದಕ್ಕೆ 16 ಸೇರಿಸಿ, 78. ನಡುವೆ ಇರುವ ನೆಲ, ಗಿಡ, ದಿಬ್ಬ ಇನ್ನಷ್ಟು ತಗ್ಗಿಸುತ್ತವೆ ನಿಜ. ಆದರೂ ಮಧ್ಯಾಹ್ನ ಮಗು ಮಲಗಿಸುತ್ತಿರುವವರಿಗೆ ಅದು ಎಷ್ಟು ಜಾಸ್ತಿ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಈ ಲೆಕ್ಕದಿಂದ ಸಿಗುವ ಮೊದಲ ಪಾಠ ಸ್ಟಾರ್ಟ್ ಗೇಟ್ ಎಲ್ಲಿಡಬೇಕು ಅನ್ನೋದು. ಸೈಲೆನ್ಸರಿನ ಬಾಯಿ ಹಿಂದಕ್ಕೆ ಇರುತ್ತೆ. ಹಾಗಾಗಿ ಗೇಟಿನ ಬೆನ್ನಿಗೆ ಮನೆ ಇರಬಾರದು, ಮಣ್ಣಿನ ದಿಬ್ಬ ಇರಬೇಕು. ಆ ದಿಬ್ಬ ಮನೆಗೂ ಬೈಕಿಗೂ ನಡುವೆ ಕಣ್ಣಿನ ನೋಟ ಕಡಿಯುವಷ್ಟು ಎತ್ತರ ಇರಬೇಕು. ಒಂದು ಸಾಲು ಗಿಡ ನೆಟ್ಟರೆ ಬೈಕು ಕಾಣಿಸಲ್ಲ, ಶಬ್ದ ಮಾತ್ರ ಹಾಗೇ ಕೇಳಿಸುತ್ತೆ. ಎರಡನೆಯದು ಹೊತ್ತು. ಬೆಳಗಿನ ಜಾವ ನೆಲ ತಣ್ಣಗಿದ್ದು ಮೇಲಿನ ಗಾಳಿ ಬೆಚ್ಚಗಿದ್ದಾಗ ಶಬ್ದ ಕೆಳಗೆ ಬಾಗಿ ತುಂಬಾ ದೂರ ಹೋಗುತ್ತೆ. ಆ ಹೊತ್ತಲ್ಲಿ ಎಂಜಿನ್ ಬಿಸಿ ಮಾಡಲು ಬಿಡಲೇಬೇಡಿ.

ಒಂದು ಸಲ ದೂರು ಬಂತು. ನಾನು ಮೀಟರ್ ಹಿಡಿದು ಆ ಮನೆಯ ಅಂಗಳಕ್ಕೇ ಹೋದೆ. ಅಜ್ಜಿಯೊಬ್ಬರು ಕುರ್ಚಿ ಹಾಕಿ ಕೂರಿಸಿದರು. ಬೈಕಿನ ಶಬ್ದ ಗುಂಯ್ ಅಂತ ದೂರದಲ್ಲಿತ್ತು. ಅದಕ್ಕಿಂತ ಚೆನ್ನಾಗಿ ಕೇಳಿಸುತ್ತಿದ್ದುದು ನಮ್ಮ ಅನೌನ್ಸರ್! ಒಂದೊಂದು ಪದವೂ ಸ್ಪಷ್ಟ. ಅಜ್ಜಿ ಅಂದರು: "ಬೈಕು ಬಿಡಪ್ಪ, ಅದು ಬಂದು ಹೋಗುತ್ತೆ. ಆ ಮನುಷ್ಯ ಬೆಳಗ್ಗೆಯಿಂದ ಬಾಯಿ ಮುಚ್ಚಿಲ್ಲ." ಸ್ಪೀಕರನ್ನು ನೆಲದ ಕಡೆಗೆ ತಿರುಗಿಸಿದೆವು, ವಾಲ್ಯೂಮ್ ಇಳಿಸಿದೆವು. ದೂರು ಅಲ್ಲಿಗೆ ಮುಗಿಯಿತು. ರಾತ್ರಿ ಓಡುವ ಜನರೇಟರ್‌ದೂ ಇದೇ ಕಥೆ.

ಅಂದ ಹಾಗೆ, ಜನರ ಸಹನೆ ಕೆಡೋದು ವರ್ಷಕ್ಕೆರಡು ರೇಸಿನಿಂದ ಅಲ್ಲ. ದಿನಾ ಸಂಜೆಯ ಪ್ರಾಕ್ಟೀಸಿನಿಂದ. ಪ್ರಾಕ್ಟೀಸಿನ ದಿನ, ಹೊತ್ತು, ಒಂದು ಫೋನ್ ನಂಬರ್ ಅಚ್ಚು ಹಾಕಿಸಿ ಸುತ್ತಲಿನ ಮನೆಗಳಿಗೆ ಕೈಯಾರೆ ಕೊಡಿ. ಆ ನಂಬರಿಗೆ ಫೋನ್ ಬಂದರೆ ಎತ್ತಬೇಕು. ಬಂದ ದೂರನ್ನು ಹೊತ್ತು, ಗಾಳಿಯ ದಿಕ್ಕು, ಆಗ ಓಡುತ್ತಿದ್ದ ಬೈಕುಗಳ ಸಂಖ್ಯೆ ಸಮೇತ ನೋಟ್‌ಬುಕ್ಕಿನಲ್ಲಿ ಬರೆಯಬೇಕು.

ಪ್ಯಾಡಕ್: ಎಣ್ಣೆ, ಪೆಟ್ರೋಲ್, ಮ್ಯಾಟ್

ಎಫ್‌ಐಎಂ ನಿಯಮದಲ್ಲಿ ಬೈಕು ರಿಪೇರಿ ಮಾಡುವ, ಪೆಟ್ರೋಲ್ ತುಂಬಿಸುವ ಜಾಗದಲ್ಲಿ ಎನ್ವಿರಾನ್‌ಮೆಂಟಲ್ ಮ್ಯಾಟ್ ಕಡ್ಡಾಯ. ಕನಿಷ್ಠ ಅಳತೆ 160ಕ್ಕೆ 100 ಸೆಂಟಿಮೀಟರ್, ದಪ್ಪ 7 ಮಿಲಿಮೀಟರ್, ಕನಿಷ್ಠ ಒಂದು ಲೀಟರ್ ಹೀರಬೇಕು. ಮೇಲಿನ ಪದರ ಎಣ್ಣೆ ಹೀರೋದು, ಕೆಳಗಿನದು ಸೋರದಂತೆ ತಡೆಯೋದು. ಮನೆಯ ಹಳೇ ಕಾರ್ಪೆಟ್ ಹಾಸಿಕೊಂಡು "ಇದೂ ಮ್ಯಾಟೇ ತಾನೇ" ಅನ್ನುವವರು ಪ್ರತಿ ರೇಸಿನಲ್ಲೂ ಸಿಗುತ್ತಾರೆ. ವಾದ ಮಾಡೋಕೆ ಹೋಗಬೇಡಿ. ಸಂಜೆ ಮ್ಯಾಟಿನ ಒಂದು ಮೂಲೆ ಎತ್ತಿ ತೋರಿಸಿ. ಕಾರ್ಪೆಟ್ ಕೆಳಗಿನ ಹುಲ್ಲು ಕಪ್ಪಗೆ ಅಂಟಂಟಾಗಿರುತ್ತೆ, ಪಕ್ಕದವನ ಮ್ಯಾಟ್ ಕೆಳಗಿನದು ಬರೀ ಬಾಡಿರುತ್ತೆ.

ಎಣ್ಣೆ ಕುಡಿದ ಮ್ಯಾಟನ್ನು ಸುಡಬಾರದು, ಕಸದ ತೊಟ್ಟಿಗೂ ಹಾಕಬಾರದು. ಹಳೇ ಎಣ್ಣೆ ಸಂಗ್ರಹಿಸುವವರಿಗೇ ಅದನ್ನೂ ಒಪ್ಪಿಸಬೇಕು. ಕೂಲಂಟ್ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲ್ಲ, ಅದೇ ನನಗೆ ಸಿಟ್ಟು. ಎಥಿಲೀನ್ ಗ್ಲೈಕಾಲ್ ಇರುವ ಕೂಲಂಟ್ ಸಿಹಿಯಾಗಿರುತ್ತೆ. ನಾಯಿ ಬೆಕ್ಕು ನೆಕ್ಕುತ್ತವೆ, ಸಾಯುತ್ತವೆ. ಏರ್ ಫಿಲ್ಟರ್ ತೊಳೆದ ದ್ರಾವಣಕ್ಕೂ ಮುಚ್ಚಳ ಇರುವ ಡಬ್ಬಿ ಇರಲಿ.

ಬೈಕ್ ತೊಳೆಯುವ ಜಾಗ

ನನ್ನ ಮೊದಲ ರೇಸಿನಲ್ಲಿ ನಾನೇ ಮಾಡಿದ ತಪ್ಪು ಇದು. ತೊಳೆಯುವ ಜಾಗವನ್ನು ನಲ್ಲಿ ಹತ್ತಿರ ಇದೆ ಅಂತ ಇಳಿಜಾರಿನಲ್ಲಿ ಮಾಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ತೊರೆಯಲ್ಲಿ ತಿಳಿನೀರಿನ ಪಕ್ಕದಲ್ಲೇ ಒಂದು ಕಂದು ಗೆರೆ ಹರಿಯುತ್ತಿತ್ತು, ಅಂಚಿನಲ್ಲಿ ಎಣ್ಣೆಯ ಬಣ್ಣ. ಜಮೀನಿನವರು ಏನೂ ಮಾತಾಡಲಿಲ್ಲ. ಮುಂದಿನ ವರ್ಷ ಜಾಗ ಕೊಡಲಿಲ್ಲ, ಅಷ್ಟೇ.

ಸಮತಟ್ಟು ಜಾಗ ನೋಡಿ. ತೊರೆಯಿಂದ ದೂರ ಇರಲಿ. ಕೆಳಗೆ ಜಲ್ಲಿ, ಅದರಾಚೆ ಮಣ್ಣು ತಂಗುವ ಒಂದು ಗುಂಡಿ, ಆಮೇಲೆ ಎಣ್ಣೆ ಬೇರ್ಪಡಿಸುವ ತೊಟ್ಟಿ. ಸೋಪು ಬೇಡ, ನೀರಿನ ಪ್ರೆಷರ್ರೇ ಸಾಕು. ಬರುವಾಗಲೂ ಬೈಕು ತೊಳೆದೇ ಬರಬೇಕು ಅನ್ನೋದನ್ನು ಎಂಟ್ರಿ ಫಾರಂನಲ್ಲೇ ಬರೆಯಿರಿ. ಮೈತುಂಬ ಉಬ್ಬುಗಳಿರುವ ನಾಬಿ ಟೈರಿನ ಸಂದಿಯ ಮಣ್ಣಿನಲ್ಲಿ ಒಂದು ಕಾಡಿನ ಕಳೆಬೀಜ ಇನ್ನೊಂದು ಕಾಡಿಗೆ ಹೋಗುತ್ತೆ. ಬೇರು ಕೊಳೆಸುವ ಫೈಟಾಫ್ತೊರಾದಂಥ ರೋಗವೂ ಹಾಗೇ ಹೋಗುತ್ತೆ. ಪಶ್ಚಿಮ ಆಸ್ಟ್ರೇಲಿಯಾದ ಜಾರಾ ಮರದ ಕಾಡುಗಳನ್ನು ಆ ರೋಗ ತಿಂದಿದೆ. ಅಲ್ಲಿ ಗಾಡಿ, ಬೂಟು ತೊಳೆದು ಒಳಗೆ ಹೋಗೋದು ಮಾಮೂಲಿ.

ಮಣ್ಣು ಮತ್ತು ನೀರು

ಒಂದು ಹಿಡಿ ಮಣ್ಣು ತಗೊಳ್ಳಿ. ಮೇಲಿನದು ಬೇಡ, ಬೆರಳುದ್ದ ಕೆಳಗಿನದು. ಮುಷ್ಟಿಯಲ್ಲಿ ಹಿಚುಕಿ ಕೈ ಬಿಚ್ಚಿ. ಪುಡಿಯಾಗಿ ಉದುರಿದರೆ ಧೂಳಿನ ದಿನ, ನೀರು ಹಾಕಬೇಕು. ಉಂಡೆಯಾಗಿ ನಿಂತು ಬೆರಳಿನಿಂದ ತಟ್ಟಿದಾಗ ಒಡೆದರೆ ಒಳ್ಳೇ ದಿನ. ಹೆಬ್ಬೆರಳಿನಿಂದ ಒತ್ತಿದಾಗ ಪಟ್ಟಿಯಾಗಿ ಮುಂದೆ ಜಾರಿದರೆ, ಕೈಗೆ ಮೆತ್ತಿಕೊಂಡರೆ, ಆ ಭಾಗ ಮುಚ್ಚಿಬಿಡಿ. ಆ ಹದದಲ್ಲಿ ಬೈಕು ಹೋದರೆ ಮಣ್ಣು ಒತ್ತಿ ಗಟ್ಟಿಯಾಗುತ್ತೆ, ಒಳಗಿನ ಗಾಳಿಯ ಸಂದಿ ಮುಚ್ಚಿಹೋಗುತ್ತೆ. ಆಮೇಲೆ ಮಳೆ ನೀರು ಇಂಗದೆ ಗಾಲಿಯ ಜಾಡನ್ನೇ ಕಾಲುವೆ ಮಾಡಿಕೊಳ್ಳುತ್ತೆ. ಕೆಸರು ಕಂಡ ಸವಾರರು ಪಕ್ಕದಿಂದ ಹೋಗುತ್ತಾರೆ, ಮುಂದಿನವರು ಇನ್ನೂ ಪಕ್ಕದಿಂದ. ಸಂಜೆಗೆ ಒಂದು ದಾರಿ ಮೂರಾಗಿರುತ್ತೆ.

ಇಳಿಜಾರಿನ ದಾರಿಯನ್ನು ನೇರ ಕೆಳಗೆ ಇಳಿಸಬೇಡಿ. ಗುಡ್ಡದ ಮೈಗೆ ಅಡ್ಡಡ್ಡವಾಗಿ ಸುತ್ತಿಸಿ. ಅಲ್ಲಲ್ಲಿ ದಾರಿಗೆ ಓರೆಯಾಗಿ ಮಣ್ಣಿನ ಸಣ್ಣ ಬದು ಕಟ್ಟಿ ನೀರನ್ನು ಹುಲ್ಲಿನ ಕಡೆಗೆ ತಿರುಗಿಸಿ. ತೊರೆ ದಾಟಲೇಬೇಕು ಅಂದರೆ ಹಲಗೆಯ ಸೇತುವೆ ಹಾಕಿ, ಹಲಗೆ ಕೆಳಗೆ ಕೆಸರು ಬೀಳದಂತೆ ದಪ್ಪ ಶೀಟ್ ಕಟ್ಟಿ. ಹೂಳು ಎದ್ದು ಜಲ್ಲಿಯ ಸಂದಿ ತುಂಬಿದರೆ ಅಲ್ಲಿ ಇಟ್ಟ ಮೀನಿನ ಮೊಟ್ಟೆಗಳಿಗೆ ಉಸಿರಿಲ್ಲ. ಧೂಳಿಗೆ ನೀರು ಹಾಕುವಾಗಲೂ ಹಿಂದಿನ ರಾತ್ರಿಯೇ ನಿಧಾನಕ್ಕೆ ಹಾಕಿ, ಇಂಗಲಿ. ಬೆಳಗ್ಗೆ ಟ್ಯಾಂಕರ್‌ಗಟ್ಟಲೆ ಸುರಿದರೆ ಮೇಲೆ ಜಾರು, ಕೆಳಗೆ ಹಾಗೇ ಧೂಳು. ಧೂಳಿಗೆ ಉಪ್ಪಿನ ರಾಸಾಯನಿಕ ಹಾಕುವವರಿದ್ದಾರೆ. ಪಕ್ಕದ ಗಿಡ ಒಣಗುತ್ತೆ, ಬೇಡ.

ಎಂಡ್ಯೂರೋ, ಅಂದರೆ ಕಾಡುಮೇಡಿನ ದಾರಿಯ ದೂರದ ಓಟ, ಆದರೆ ಟೈರನ್ನೂ ನೋಡಿ. ಎಫ್‌ಐಎಂ ಎಂಡ್ಯೂರೋದಲ್ಲಿ ಹಿಂದಿನ ಟೈರಿನ ಉಬ್ಬು 13 ಮಿಲಿಮೀಟರಿಗಿಂತ ಎತ್ತರ ಇರುವಂತಿಲ್ಲ. ಕೆಸರು ಬಿದ್ದಾಗ ಒಂದೊಂದೇ ಕಿತ್ತು ಎಸೆಯುವ ಗಾಗಲ್ಸಿನ ಟೇರ್-ಆಫ್ ಹಾಳೆಗಳನ್ನು ವಿಶ್ವ ಮೋಟೋಕ್ರಾಸ್ ಚಾಂಪಿಯನ್‌ಶಿಪ್ಪಿನಲ್ಲೇ ನಿಲ್ಲಿಸಿ, ಗಾಗಲ್ಸಿನಲ್ಲೇ ಸುರುಳಿ ಸುತ್ತಿಕೊಳ್ಳುವ ರೋಲ್-ಆಫ್ ತಂದಿದ್ದಾರೆ. ನಿಮ್ಮ ರೇಸಿನಲ್ಲೂ ನಿಲ್ಲಿಸಿ. ಎಲೆಕ್ಟ್ರಿಕ್ ಬೈಕು ಬಂದರೆ ಎಲ್ಲಾ ಸರಿಹೋಗುತ್ತೆ ಅನ್ನುವವರಿಗೆ ಒಂದು ಮಾತು: ಶಬ್ದ ಹೋಗುತ್ತೆ, ಟೈರು ಅದೇ, ಮಣ್ಣೂ ಅದೇ.

ರೇಸ್ ಮುಗಿದ ಮಾರನೇ ದಿನ

ಮೊದಲೇ ಹತ್ತು ಹನ್ನೆರಡು ಕಡೆ ಗೂಟ ಹೊಡೆದು, ಅಲ್ಲಿ ನಿಂತು ಒಂದೊಂದು ಫೋಟೋ ತೆಗೆದಿಟ್ಟಿರಬೇಕು. ಮಾರನೇ ದಿನ ಅದೇ ಗೂಟದಿಂದ, ಅದೇ ದಿಕ್ಕಿಗೆ ಮತ್ತೆ ತೆಗೆಯಿರಿ. ಒಂದು ತಿಂಗಳ ಮೇಲೆ ಇನ್ನೊಂದು ಸಲ. ವರದಿಗೆ ಇಷ್ಟು ಹಾಕಿದರೆ ಉದ್ದದ ಪ್ಯಾರಾ ಬರೆಯಬೇಕಾಗಿಲ್ಲ. ಶಬ್ದದ ಹಾಳೆ, ದೂರಿನ ನೋಟ್‌ಬುಕ್, ಎಣ್ಣೆ ಒಪ್ಪಿಸಿದ ರಸೀದಿ ಜೊತೆಗಿಡಿ.

ದಾರಿ ತೋರಿಸುವ ಬಾಣಗಳನ್ನು, ಟೇಪನ್ನು ಹಾಕುವಾಗಲೇ ಎಣಿಸಿ. ನಮ್ಮದು ಹೋದ ಸಲ 214 ಬಾಣ ಹೋಗಿದ್ದವು, 213 ವಾಪಸ್ ಬಂದವು. ಎಲ್ಲರೂ ಬಿಡಿ ಅಂದರು. ನನಗೆ ಮನಸ್ಸು ಒಪ್ಪಲಿಲ್ಲ, ಒಬ್ಬನೇ ಮತ್ತೆ ಸುತ್ತು ಹೊಡೆದೆ. ಕೊನೆಗೆ ಸಿಕ್ಕಿದ್ದು ಅದೇ ಅಜ್ಜಿಯ ಬೇಲಿಯಲ್ಲಿ. ಬಾಣದ ಕೋಲನ್ನು ನೆಟ್ಟು ಹೂವಿನ ಬಳ್ಳಿ ಹಬ್ಬಿಸಿದ್ದರು. ಬಳ್ಳಿ ಆಗಲೇ ಎರಡು ಸುತ್ತು ಹಾಕಿಕೊಂಡಿತ್ತು. ನಾನು ಏನೂ ಕೇಳದೆ ಬಂದೆ. ವರದಿಯಲ್ಲಿ ಬರೆದೆ: "ಒಂದು ಬಾಣ ವಾಪಸ್ ಬಂದಿಲ್ಲ. ಇರುವ ಜಾಗ ಗೊತ್ತು."